ಅಮೆರಿಕದಿಂದ ಅಪ್ಪ-ಅಮ್ಮನಿಗೆ ಫೋನ್ ತರುವ ಮಕ್ಕಳಿಗೆ

ಪ್ರೀತಿಯ ಊರ ಮಕ್ಕಳೇ,

ನೀವು ಡಲ್ಲಾಸ್‌ನಲ್ಲಿರಿ, ನ್ಯೂಜೆರ್ಸಿಯಲ್ಲಿರಿ, ಸಿಯಾಟಲ್‌ನಲ್ಲಿರಿ, ಡಿಸೆಂಬರ್ ರಜೆಗೋ ತಂಗಿಯ ಮದುವೆಗೋ ಊರಿಗೆ ಬರುವಾಗ ಬ್ಯಾಗಿನಲ್ಲಿ ಅಪ್ಪನಿಗೋ ಅಮ್ಮನಿಗೋ ಅಂತ ಒಂದು ಫೋನ್ ಇದ್ದೇ ಇರುತ್ತದೆ. ಹೊಸದು ಕೊಂಡ ಮೇಲೆ ಉಳಿದ ಹಳೆಯದು, ಇಲ್ಲವೇ ಥ್ಯಾಂಕ್ಸ್‌ಗಿವಿಂಗ್ ಸೇಲಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ನೀವು ವಾಪಸ್ ವಿಮಾನ ಹತ್ತಿದ ಮೇಲೆ ಆ ಫೋನ್ ನನ್ನ ಅಂಗಡಿಗೆ ಬರುತ್ತದೆ. ಸಾಗರದಲ್ಲಿ ಮೊಬೈಲ್ ರಿಪೇರಿ ಮಾಡುವವನು ನಾನು. "ನೆಟ್ ಬರ್ತಾ ಇಲ್ಲ, ಸ್ವಲ್ಪ ನೋಡು ಮಾರಾಯ" ಅಂತ ಮೇಜಿನ ಮೇಲೆ ಇಡುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ನಾನೇ ಎಂತದೋ ಒತ್ತಿ ಹಾಳು ಮಾಡಿದೆ ಕಾಣ್ತದೆ. ಮಗನಿಗೆ ಹೇಳಬೇಡ."

ಈ ಎರಡನೇ ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಅವರು ಏನನ್ನೂ ಒತ್ತಿ ಹಾಳು ಮಾಡಿರುವುದಿಲ್ಲ. ಫೋನಿಗೆ ನಿಮ್ಮ ಅಮೆರಿಕದ ಮೊಬೈಲ್ ಸೇವೆಯ ಕಂಪನಿ ಹಾಕಿದ ಬೀಗ ಹಾಗೇ ಇರುತ್ತದೆ. ಅದನ್ನು ತೆಗೆಸುವ ಅಧಿಕಾರ ಸಾಮಾನ್ಯವಾಗಿ ಆ ಕಂಪನಿಯಲ್ಲಿ ಖಾತೆ ಇರುವ ನಿಮಗೆ ಮಾತ್ರ. ಅವರಿಗಿಲ್ಲ, ನನಗೂ ಇಲ್ಲ.

ಇಲ್ಲಿನವರಿಗೆ ಈ ಬೀಗದ ಕಲ್ಪನೆಯೇ ಇಲ್ಲ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ನಮ್ಮಲ್ಲಿ ಫೋನ್ ಒಂದು ಅಂಗಡಿಯಲ್ಲಿ, ಸಿಮ್ ಇನ್ನೊಂದು ಅಂಗಡಿಯಲ್ಲಿ. ಈ ಕಂಪನಿ ಸರಿಬರಲಿಲ್ಲವೆಂದರೆ ಆ ಕಂಪನಿ, ಪಿನ್ನಿನಲ್ಲಿ ಚುಚ್ಚಿ ಸಿಮ್ ಬದಲಾಯಿಸಿದರೆ ಆಯಿತು. 2003ರ ಸುಮಾರಿಗೆ ರಿಲಯನ್ಸ್‌ನ ಸಿಡಿಎಂಎ ಫೋನ್ ಹಿಡಿದವರಿಗೆ, 2017ರಲ್ಲಿ 1500 ರೂಪಾಯಿ ಠೇವಣಿ ಕಟ್ಟಿ ಜಿಯೋಫೋನ್ ತಂದವರಿಗೆ ಒಂದೇ ಕಂಪನಿಗೆ ಕಟ್ಟುಬಿದ್ದ ಫೋನ್ ಅಂದರೇನು ಅಂತ ಗೊತ್ತು. ಉಳಿದವರಿಗೆ ಗೊತ್ತಿರಲು ಕಾರಣವೇ ಇಲ್ಲ. ನಿಮ್ಮಲ್ಲಿ ಹಾಗಲ್ಲ. ಸಾವಿರ ಡಾಲರಿನ ಫೋನನ್ನು ಕಂಪನಿ 24 ಅಥವಾ 36 ತಿಂಗಳ ಕಂತಿನಲ್ಲಿ ಕೊಡುತ್ತದೆ. ಸಾಲ ತೀರುವ ಮುಂಚೆ ನೀವು ಬೇರೆ ಕಂಪನಿಗೆ ಹೋಗದಂತೆ ಬೇರೆಯವರ ಸಿಮ್ ಒಪ್ಪದ ಹಾಗೆ ಕಟ್ಟಿಹಾಕುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ನೇತುಹಾಕಿರುವ ಪ್ರೀಪೇಯ್ಡ್ ಫೋನುಗಳದ್ದು ಇನ್ನೂ ಬಿಗಿ. ಆರು ತಿಂಗಳಿಂದ ಒಂದು ವರ್ಷದವರೆಗೆ ಅದೇ ಕಂಪನಿಗೆ ದುಡ್ಡು ಕಟ್ಟಿ ಬಳಸಿದ ಮೇಲೇ ಬೀಗ ತೆಗೆಯುತ್ತೇವೆ ಎಂಬ ಷರತ್ತು ಅವುಗಳಲ್ಲಿ ಸಾಮಾನ್ಯ. ಸೇಲಿನಲ್ಲಿ ಕೊಂಡು ಡಬ್ಬಿಯನ್ನೂ ಒಡೆಯದೆ ತಂದ ಫೋನ್ ಆ ಷರತ್ತನ್ನು ಪೂರೈಸುವುದು ಹೇಗೆ?

"ನಾನು ಅಲ್ಲಿದ್ದಾಗ ಚೆನ್ನಾಗಿಯೇ ನಡೀತಿತ್ತಲ್ಲ" ಅಂತ ನೀವು ಫೋನಿನಲ್ಲಿ ಹೇಳುತ್ತೀರಿ. ನಡೆಯುತ್ತಿತ್ತು, ಯಾಕೆಂದರೆ ಅದರೊಳಗೆ ನಿಮ್ಮ ಅಮೆರಿಕದ ಸಿಮ್ ಇತ್ತು. ಅದು ರೋಮಿಂಗ್‌ನಲ್ಲಿ ಇಲ್ಲಿನ ಟವರ್ ಹಿಡಿದಿತ್ತು. ಬೀಗ ನೋಡುವುದು ಟವರ್ ಯಾರದು ಅಂತಲ್ಲ, ಸಿಮ್ ಯಾರದು ಅಂತ. ಅದೇ ಊರು, ಅದೇ ಟವರ್, ಅದೇ ಫೋನ್. ನಿಮ್ಮ ಸಿಮ್ ತೆಗೆದು ಅಮ್ಮನ ಸಿಮ್ ಹಾಕಿದ ಕೂಡಲೇ ಪರದೆಯ ಮೇಲೆ "ಸಿಮ್ ನಾಟ್ ಸಪೋರ್ಟೆಡ್" ಅಂತ ಬರುತ್ತದೆ, ಸ್ಯಾಮ್‌ಸಂಗ್ ಆದರೆ ನೆಟ್‌ವರ್ಕ್ ಅನ್‌ಲಾಕ್ ಪಿನ್ ಕೇಳುತ್ತದೆ. ಊರಿನಲ್ಲಿ ಎರಡು ವಾರ ಫೋನ್ ಸರಿಯಾಗಿ ಓಡಿದ್ದೇ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಅಮ್ಮನ ಕಣ್ಣಿಗೂ ಕಾಣುವುದು ಇಷ್ಟೇ: ಮಗನ ಕೈಯಲ್ಲಿ ನಡೆಯಿತು, ತನ್ನ ಕೈಗೆ ಬಂದಮೇಲೆ ನಿಂತಿತು.

ಇನ್ನು ವೈ-ಫೈ. ಸಿಮ್ ಹೋದರೂ ಮನೆಗೆ ಕೇಬಲ್‌ನವರು ಎಳೆದ ಫೈಬರ್ ಇದೆಯಲ್ಲ ಅಂತ ನೀವು ಧೈರ್ಯ ಹೇಳುತ್ತೀರಿ. ಆ ಮಾತು ಸರಿ. ಕಂಪನಿಯ ಬೀಗಕ್ಕೂ ವೈ-ಫೈಗೂ ಸಂಬಂಧವಿಲ್ಲ. ಬೀಗ ಇರುವ ಫೋನೂ ವೈ-ಫೈ ಹಿಡಿಯಬೇಕು. ಹಿಡಿಯದಿದ್ದರೆ ಕಾರಣ ಬೇರೆ ಇರುತ್ತದೆ, ಅದನ್ನು ಬೇರೆಯಾಗಿಯೇ ಹುಡುಕಬೇಕು. ಎರಡನ್ನೂ ಒಟ್ಟಿಗೆ ಕಲಸಿ "ನೆಟ್ ಇಲ್ಲ" ಅಂದುಕೊಂಡರೆ ಯಾವ ತೊಂದರೆಯೂ ಬಗೆಹರಿಯುವುದಿಲ್ಲ. ನಿಮ್ಮನ್ನು ಕೇಳಿಕೊಳ್ಳುವುದೇನೆಂದರೆ, ಅಮ್ಮ ಕರೆ ಮಾಡಿದಾಗ ಮೊದಲ ಪ್ರಶ್ನೆ ಇದಾಗಿರಲಿ: "ಮನೆಯ ವೈ-ಫೈನಲ್ಲಿ ಬರ್ತಿಲ್ವಾ, ಹೊರಗೆ ಹೋದಾಗ ಬರ್ತಿಲ್ವಾ?" ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದು ಮನೆಯ ಸಂಗತಿ ಹೇಳುತ್ತೇನೆ. ಅಡಿಕೆ ತೋಟದ ನಡುವಿನ ಮನೆ, ನಿವೃತ್ತ ಶಿಕ್ಷಕಿಯೊಬ್ಬರು. ಮಗಳು ಕೊಟ್ಟುಹೋದ ಆಂಡ್ರಾಯ್ಡ್ ಫೋನಿನಲ್ಲಿ ಮನೆಯ ವೈ-ಫೈ ಹೆಸರೇ ಕಾಣುತ್ತಿರಲಿಲ್ಲ. ಅವರ ಹಳೆಯ ಫೋನಿನಲ್ಲಿ, ತೋಟದ ಕೆಲಸಕ್ಕೆ ಬರುವವನ ಫೋನಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ರೂಟರ್ ಪಕ್ಕದಲ್ಲೇ ಹಿಡಿದು ನಿಂತರೂ ಇಲ್ಲ. ಪಾಸ್‌ವರ್ಡ್ ತಪ್ಪಿದ್ದರೆ ಹೆಸರಾದರೂ ಕಾಣಬೇಕಿತ್ತು. ವೈ-ಫೈ ಭಾಗವೇ ಸುಟ್ಟಿದ್ದರೆ ನನ್ನ ಫೋನಿನ ಹಾಟ್‌ಸ್ಪಾಟ್ ಹಿಡಿಯಬಾರದಿತ್ತು, ಅದನ್ನು ತಕ್ಷಣ ಹಿಡಿಯಿತು. ಬ್ರೌಸರ್‌ನಲ್ಲಿ 192.168.1.1 ಒತ್ತಿ ರೂಟರಿನ ಒಳಗೆ ಹೋಗಿ ನೋಡಿದೆ. 2.4 ಗಿಗಾಹರ್ಟ್ಸ್‌ನ ಚಾನೆಲ್ "ಆಟೋ" ಅಂತಿತ್ತು, ರೂಟರ್ ತಾನಾಗಿ ಆರಿಸಿಕೊಂಡಿದ್ದು 13ನೇ ಚಾನೆಲ್. ನಮ್ಮ ದೇಶದಲ್ಲಿ 13ರವರೆಗೂ ಬಳಸಬಹುದು. ಅಮೆರಿಕದಲ್ಲಿ ಮಾರುವ ಸಾಧನಗಳು ಸಾಮಾನ್ಯವಾಗಿ 1ರಿಂದ 11ರವರೆಗೆ ಮಾತ್ರ ನೋಡುತ್ತವೆ. ಎಷ್ಟೋ ಫೋನುಗಳು ಸಿಮ್‌ನ ನೆಟ್‌ವರ್ಕ್ ನೋಡಿ ತಾವು ಯಾವ ದೇಶದಲ್ಲಿದ್ದೇವೆ ಅಂತ ತಿಳಿದು ಹೊಂದಿಕೊಳ್ಳುತ್ತವೆ. ಸಿಮ್ಮನ್ನೇ ಒಪ್ಪದೆ ಕೂತ ಫೋನಿಗೆ ಆ ದಾರಿಯೂ ಇಲ್ಲ. ಚಾನೆಲ್ಲನ್ನು 6ಕ್ಕೆ ನಿಲ್ಲಿಸಿ ರೂಟರ್ ಆರಿಸಿ ಹಚ್ಚಿದೆ. ವೈ-ಫೈ ಹೆಸರು ಪಟ್ಟಿಯಲ್ಲಿ ಮೇಲೆ ಬಂದು ಕೂತಿತು. ಆ ಶಿಕ್ಷಕಿ ಪರದೆಯನ್ನು ನೋಡಿ ಕೇಳಿದ್ದು ಒಂದೇ: "ಹಾಗಾದ್ರೆ ನಾನು ಮಾಡಿದ್ದೇನೂ ಅಲ್ವಾ?"

ನಿಮ್ಮಲ್ಲಿ ಅನೇಕರು ಸಾಫ್ಟ್‌ವೇರ್ ಕೆಲಸದವರು. ಇಲ್ಲಿಂದ ಹೊರಡುವ ಮುಂಚೆ ಮನೆಯ ರೂಟರಿನ ಚಾನೆಲ್ಲನ್ನು 1, 6 ಅಥವಾ 11ಕ್ಕೆ ನಿಲ್ಲಿಸಿ ಹೋಗುವುದು ನಿಮಗೆ ಐದು ನಿಮಿಷದ ಕೆಲಸ.

ವೈ-ಫೈ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿ ಇದೆ, ಆದರೂ ಸೇರುವುದಿಲ್ಲ ಅಂದರೆ ನಾನು ರೂಟರಿನ ಮ್ಯಾಕ್ ಪಟ್ಟಿ ನೋಡುತ್ತೇನೆ. ನೆರೆಯವರು ಕದ್ದು ಬಳಸಬಾರದು ಅಂತ ಕೆಲವು ಕೇಬಲ್‌ನವರು ಮನೆಯ ಸಾಧನಗಳ ವಿಳಾಸ ಬರೆದು ಅಷ್ಟಕ್ಕೇ ಬಾಗಿಲು ತೆರೆದಿರುತ್ತಾರೆ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದಮೇಲೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಹೇಳದೆ ಒಂದೊಂದು ವೈ-ಫೈಗೆ ಒಂದೊಂದು ತೋರಿಕೆಯ ವಿಳಾಸ ಕೊಡುತ್ತವೆ. ಡಬ್ಬಿಯ ಮೇಲಿನ ವಿಳಾಸ ನೋಡಿ ಪಟ್ಟಿಗೆ ಸೇರಿಸಿದರೆ ಪ್ರಯೋಜನವಿಲ್ಲ. ಮನೆಯ ವೈ-ಫೈ ಮಟ್ಟಿಗೆ "ಪ್ರೈವೇಟ್ ಅಡ್ರೆಸ್" ಆಫ್ ಮಾಡಿ, ಆಮೇಲೆ ಸೇರಿಸಬೇಕು.

ಸೇರಿದೆ, ಗುರುತೂ ಬಂದಿದೆ, ಆದರೆ ಯಾವ ಪುಟವೂ ತೆರೆಯುವುದಿಲ್ಲ. ಆಗ ದಿನಾಂಕ ನೋಡಿ. ಬೀಗ ಬಿದ್ದ ಫೋನು ಉಪಯೋಗಕ್ಕೆ ಬರದೆ ಬೀರುವಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ತಾನಾಗಿ ಸಮಯ ಹೊಂದಿಸಿಕೊಳ್ಳುವ ಗುಂಡಿಯನ್ನು ಯಾರೋ ಆಫ್ ಮಾಡಿದ್ದರೆ ಫೋನ್ ಎಚ್ಚರಾದಾಗ ಎಷ್ಟೋ ವರ್ಷ ಹಿಂದಿನ ತಾರೀಕಿನಲ್ಲಿರುತ್ತದೆ. ಇಂದಿನ ಜಾಲತಾಣಗಳು ತಮ್ಮ ಗುರುತಿಗೆ ಪ್ರಮಾಣಪತ್ರ ತೋರಿಸುತ್ತವೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಹಳೆಯ ತಾರೀಕಿನಲ್ಲಿರುವ ಫೋನಿನ ಲೆಕ್ಕಕ್ಕೆ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಒಂದನ್ನೂ ನಂಬುವುದಿಲ್ಲ. ಸಮಯ ಸರಿಪಡಿಸಿದರೆ ಸಾಕು. ನೀವು ಅಲ್ಲಿ ಹಾಕಿಟ್ಟ ವಿಪಿಎನ್, ಆಫೀಸಿನ ಪ್ರೊಫೈಲ್, ಪ್ರೈವೇಟ್ ಡಿಎನ್‌ಎಸ್ ಕೂಡ ಇದೇ ರೀತಿ ಕಾಟ ಕೊಡುತ್ತವೆ. ಕೊಡುವ ಮುಂಚೆ ತೆಗೆದುಬಿಡಿ. ಇನ್ನು ನಮ್ಮ ಕಡೆಯ ಜಂಬಿಟ್ಟಿಗೆ ಗೋಡೆ ದಾಟಿ 5 ಗಿಗಾಹರ್ಟ್ಸ್ ವೈ-ಫೈ ಒಳಕೋಣೆಗೆ ಹೋಗುವುದು ಕಷ್ಟ. ಅಮ್ಮ ಕೂರುವುದು ಅಡುಗೆಮನೆಯಲ್ಲಿ, ರೂಟರ್ ಇರುವುದು ಜಗಲಿಯಲ್ಲಿ. ಅವರ ಫೋನನ್ನು 2.4ಕ್ಕೇ ಸೇರಿಸಿ.

ಯಾವುದಕ್ಕೂ ಬಗ್ಗದಿದ್ದಾಗ ಎಲ್ಲರೂ ಹೇಳುವುದು "ರೀಸೆಟ್ ಮಾಡು" ಅಂತ. ನೆಟ್‌ವರ್ಕ್ ಸೆಟ್ಟಿಂಗ್ಸ್ ಮಾತ್ರ ರೀಸೆಟ್ ಮಾಡಿದರೆ ಹಾನಿಯಿಲ್ಲ, ವೈ-ಫೈ ಪಾಸ್‌ವರ್ಡ್‌ಗಳಂಥ ಸೆಟ್ಟಿಂಗ್‌ಗಳು ಹೋಗುತ್ತವೆ ಅಷ್ಟೇ. ಆದರೆ ದಯವಿಟ್ಟು ಅಲ್ಲಿಂದ ಕೂತು ಇಡೀ ಫೋನ್ ಅಳಿಸಲು ಹೇಳಬೇಡಿ. ಅದರಿಂದ ಕಂಪನಿಯ ಬೀಗ ಹೋಗುವುದಿಲ್ಲ. ಬದಲಿಗೆ ಇನ್ನೊಂದು ಬೀಗ ಎದುರಾಗುತ್ತದೆ: ಹಿಂದಿನ ಬಳಕೆದಾರರ ಆಪಲ್ ಅಥವಾ ಗೂಗಲ್ ಖಾತೆ ಕೇಳುತ್ತದೆ. ಅದು ನಿಮ್ಮ ಖಾತೆ. ದೃಢೀಕರಣದ ಕೋಡ್ ನಿಮ್ಮ ಫೋನಿಗೆ ಬರುತ್ತದೆ, ಇಲ್ಲಿ ಬೆಳಗಾದರೆ ಅಲ್ಲಿ ರಾತ್ರಿ. ಅಮ್ಮ ಆ ಪರದೆಯನ್ನು ನೋಡುತ್ತಾ ನಿಮ್ಮ ನಿದ್ದೆ ಕೆಡಿಸಬಾರದು ಅಂತ ಕಾಯುತ್ತಿರುತ್ತಾರೆ. ಕೊಡುವ ಮುಂಚೆ ನಿಮ್ಮ ಖಾತೆಯಿಂದ ಹೊರಬಂದು, ಅವರ ಹೆಸರಿನಲ್ಲೇ ಖಾತೆ ತೆರೆದು ಕೊಡಿ.

ವೈ-ಫೈ ಸರಿಹೋಯಿತು, ಸಾಕಲ್ಲ ಅಂತ ಕೇಳಬಹುದು. ಸಾಲದು. ಯೂಟ್ಯೂಬಿನಲ್ಲಿ ಯಕ್ಷಗಾನ ನೋಡಲು ಸಾಕು. ಆದರೆ ಯುಪಿಐ ಶುರುಮಾಡಬೇಕಾದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಆ ಫೋನಿನಲ್ಲೇ ಇದ್ದು ಅದರಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು. ಸಿಮ್ ಒಪ್ಪದ ಫೋನಿನಲ್ಲಿ ಅದು ಆಗುವುದಿಲ್ಲ. ಹಾಗಾಗಿ ಎಷ್ಟೋ ಹಿರಿಯರು ಎರಡು ಫೋನ್ ಹೊತ್ತು ತಿರುಗುತ್ತಾರೆ. ಮಕ್ಕಳು ಕೊಟ್ಟ ದೊಡ್ಡ ಫೋನ್ ಮನೆಗೆ, ಸಿಮ್ ಇರುವ ಗುಂಡಿ ಫೋನ್ ಪೇಟೆಗೆ. ಓಟಿಪಿ ಇದರಲ್ಲಿ ನೋಡಿ ಅದರಲ್ಲಿ ಬರೆಯಬೇಕು. ಆಸ್ಪತ್ರೆಗೆ ಹೊರಟಾಗ, ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ, ಆ ದೊಡ್ಡ ಫೋನ್ ಇದ್ದೂ ಉಪಯೋಗವಿಲ್ಲ.

ಇಲ್ಲಿ ನನಗೆ ನಿಜಕ್ಕೂ ಸಂಕಟವಾಗುವ ಒಂದು ವಿಷಯವಿದೆ. ಬೀಗ ತೆಗೆಸಿಕೊಡುತ್ತೇವೆ ಅನ್ನುವವರು ಎಲ್ಲ ಕಡೆ ಇದ್ದಾರೆ. ಕೆಲವರು ಸಿಮ್ ಕೆಳಗೆ ಉಗುರಿಗಿಂತ ತೆಳುವಾದ ಒಂದು ಚಿಪ್ ಇಟ್ಟು, ಒಳಗಿರುವುದು ಅಮೆರಿಕದ ಸಿಮ್ಮೇ ಅಂತ ಫೋನನ್ನು ನಂಬಿಸುತ್ತಾರೆ. ಮುಂದಿನ ಅಪ್‌ಡೇಟ್ ಬಂದಾಗ ಅದು ನಿಂತುಹೋಗುತ್ತದೆ. ಅಪ್‌ಡೇಟ್ ಮಾಡಲೇಬೇಡಿ ಅಂತ ಹೇಳಿ ಕಳಿಸುತ್ತಾರೆ, ಅಂದರೆ ಬ್ಯಾಂಕಿನ ಆ್ಯಪ್ ಇರುವ ಫೋನನ್ನು ಭದ್ರತೆಯ ದುರಸ್ತಿಗಳಿಲ್ಲದೆ ಬಳಸಿ ಅಂತ. ಇನ್ನು ಕೆಲವರು ಇಂಟರ್‌ನೆಟ್ಟಿನಲ್ಲಿ ಅನ್‌ಲಾಕ್ ಕೋಡ್ ಮಾರುತ್ತಾರೆ. ದುಡ್ಡು ಕಟ್ಟಿದ ಮೇಲೆ ಬರುವ ಕೋಡ್ ಸುಳ್ಳಾದರೆ ದುಡ್ಡಷ್ಟೇ ಹೋಗುವುದಲ್ಲ. ಕೋಡ್ ಹಾಕಲು ಫೋನ್ ಕೊಡುವ ಅವಕಾಶಗಳಿಗೆ ಮಿತಿಯಿದೆ. ಅದು ಮುಗಿದರೆ ಆಮೇಲೆ ಸರಿಯಾದ ಕೋಡನ್ನೂ ಒಪ್ಪದೆ ಹೋಗಬಹುದು. ತಮ್ಮ ಪಿಂಚಣಿಯಲ್ಲಿ ಉಳಿಸಿದ ದುಡ್ಡನ್ನು, ಮಕ್ಕಳಿಗೆ ಗೊತ್ತಾಗಬಾರದು ಅಂತ, ಹೀಗೆ ಕಳೆದುಕೊಂಡವರು ನನ್ನ ಅಂಗಡಿಗೆ ಬಂದಿದ್ದಾರೆ. ನೀವು ಒಂದು ಫಾರ್ಮ್ ತುಂಬಿದ್ದರೆ ಪುಕ್ಕಟೆ ಆಗುತ್ತಿದ್ದ ಕೆಲಸ ಅದು.

ಹೌದು, ಪುಕ್ಕಟೆ. 2013ರ ಆರಂಭದಲ್ಲಿ ನಿಮ್ಮಲ್ಲಿ ಕಂಪನಿಯ ಒಪ್ಪಿಗೆಯಿಲ್ಲದೆ ಹೊಸ ಫೋನಿನ ಬೀಗ ತೆಗೆಯುವುದು ಹಕ್ಕುಸ್ವಾಮ್ಯದ ಕಾನೂನಿಗೆ ವಿರುದ್ಧ ಅನ್ನುವ ಪರಿಸ್ಥಿತಿ ಬಂದಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಇದರ ವಿರುದ್ಧ ಶ್ವೇತಭವನಕ್ಕೆ ಸಲ್ಲಿಸಿದ ಮನವಿಗೆ ಸಹಿ ಹಾಕಿದರು. 2014ರ ಆಗಸ್ಟ್ 1ರಂದು ಒಬಾಮಾ ಸಹಿ ಮಾಡಿದ ಕಾನೂನು ಆ ಅಡ್ಡಿಯನ್ನು ತೆಗೆಯಿತು. ದೊಡ್ಡ ಕಂಪನಿಗಳು ಸ್ವತಃ ಒಪ್ಪಿಕೊಂಡ ನಿಯಮಗಳೂ ಇವೆ: ಕಂತು ತೀರಿದ ಗ್ರಾಹಕರು ಕೇಳಿದರೆ ಎರಡು ಕೆಲಸದ ದಿನಗಳೊಳಗೆ ಬೀಗ ತೆಗೆಯಲು ಕ್ರಮ ಕೈಗೊಳ್ಳಬೇಕು, ಇಲ್ಲವೇ ಯಾಕೆ ಆಗುವುದಿಲ್ಲ ಅಂತ ಹೇಳಬೇಕು. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ಬೀಗ ಹಾಕಿದ ಫೋನ್ ಮಾರುವಂತೆಯೇ ಇಲ್ಲ. ಜಪಾನ್ ಕೂಡ 2021ರಲ್ಲಿ ನಿಲ್ಲಿಸಿತು. ಟೊರಾಂಟೊ, ಲಂಡನ್ ಕಡೆಯ ಮಕ್ಕಳಿಗೆ ಈ ಪತ್ರದ ಅರ್ಧ ಬೇಕಿಲ್ಲ. ಅಮೆರಿಕದಲ್ಲಿರುವ ನೀವು ಮಾತ್ರ ಕೇಳಿ ಪಡೆಯಬೇಕು. ಕಂಪನಿಯಿಂದ ಕಂಪನಿಗೆ ಷರತ್ತು ಬೇರೆ, ಕಾಲಕಾಲಕ್ಕೆ ಬದಲಾಗುತ್ತದೆ, ಆದ್ದರಿಂದ ನಿಮ್ಮ ಕಂಪನಿಯ ಪುಟವನ್ನು ನೀವೇ ಓದಿ. ಊರಿಗೆ ಹೊರಡುವ ಹಿಂದಿನ ರಾತ್ರಿ ಅಲ್ಲ, ಟಿಕೆಟ್ ಮಾಡಿದ ದಿನ.

ಬೀಗ ಇದೆಯೋ ಇಲ್ಲವೋ ತಿಳಿಯುವುದು ಸುಲಭ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಕೆಳಗಿಳಿದರೆ "ಕ್ಯಾರಿಯರ್ ಲಾಕ್" ಅಂತ ಒಂದು ಸಾಲು ಇರುತ್ತದೆ. ಅದರ ಮುಂದೆ "ನೋ ಸಿಮ್ ರಿಸ್ಟ್ರಿಕ್ಷನ್ಸ್" ಅಂತಿದ್ದರೆ ಬೀಗವಿಲ್ಲ. ಆಂಡ್ರಾಯ್ಡ್‌ನಲ್ಲಾದರೆ ಅಲ್ಲೇ ಗೆಳೆಯರೊಬ್ಬರ ಬೇರೆ ಕಂಪನಿಯ ಸಿಮ್ ಹಾಕಿ ಒಂದು ಕರೆ ಮಾಡಿ ನೋಡಿ. ಹೊಸ ಐಫೋನಿನವರು ಇನ್ನೊಂದು ವಿಷಯ ನೆನಪಿಡಬೇಕು. ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ಆಮೇಲಿನವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಪಿನ್ ಹಿಡಿದು ಫೋನಿನ ನಾಲ್ಕೂ ಬದಿ ತಿರುಗಿಸಿ ತಿರುಗಿಸಿ ತೂತು ಹುಡುಕಿದ ಅಪ್ಪಂದಿರನ್ನು ನಾನು ನೋಡಿದ್ದೇನೆ. ಅವರ ನಂಬರನ್ನು ಇ-ಸಿಮ್‌ಗೆ ಬದಲಾಯಿಸಬೇಕು. ಅದಕ್ಕೆ ಹಳೆಯ ಸಿಮ್ಮಿನಿಂದ ಎಸ್‌ಎಂಎಸ್, ಒಂದು ಇಮೇಲ್, ನಡೆಯುವ ವೈ-ಫೈ, ತಾಳ್ಮೆ ಎಲ್ಲ ಬೇಕು. ನೀವು ಊರಿನಲ್ಲಿದ್ದಾಗಲೇ ಪಕ್ಕದಲ್ಲಿ ಕೂತು ಮಾಡಿಕೊಡಿ. ಬೀಗ ಇದ್ದರೆ ಇ-ಸಿಮ್ ಕೂಡ ಕೂರುವುದಿಲ್ಲ.

ಬೀಗ ತೆಗೆದ ಮೇಲೂ ಕೆಲವು ತೊಡಕು ಉಳಿಯುತ್ತವೆ. ಮೊಬೈಲ್ ಡೇಟಾ ಬರದಿದ್ದರೆ ಎಪಿಎನ್ ನೋಡಿ, ಹಳೆಯ ಕಂಪನಿಯದ್ದೇ ಕೂತಿರುತ್ತದೆ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಡೇಟಾ ಬಂದು ಕರೆ ಹೋಗದಿದ್ದರೆ ಅದು ವೋಲ್ಟೀ ತೊಂದರೆ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ, ಕರೆಯೂ 4ಜಿ ಅಥವಾ 5ಜಿಯಲ್ಲೇ ಹೋಗಬೇಕು. ಅಮೆರಿಕದ ಕಂಪನಿಯ ಸಾಫ್ಟ್‌ವೇರ್ ಇರುವ ಕೆಲವು ಆಂಡ್ರಾಯ್ಡ್‌ಗಳಿಗೆ ಇಲ್ಲಿನ ವೋಲ್ಟೀ, ವೈ-ಫೈ ಕಾಲಿಂಗ್ ಗೊತ್ತೇ ಇರುವುದಿಲ್ಲ. ಟವರ್ ಸಿಗದ ನಮ್ಮ ಮಲೆನಾಡಿನ ಮನೆಗಳಿಗೆ ವೈ-ಫೈ ಕಾಲಿಂಗ್ ದೊಡ್ಡ ಉಪಕಾರ, ಅದಿಲ್ಲದ ಫೋನ್ ಇಲ್ಲಿಗೆ ತಂದು ಸುಖವಿಲ್ಲ. ತರಂಗಾಂತರವೂ ಬೇರೆ. ಇಲ್ಲಿನ 4ಜಿ ಹೆಚ್ಚಾಗಿ ನಡೆಯುವುದು 1800, 2300, 850, 900 ಮೆಗಾಹರ್ಟ್ಸ್‌ಗಳಲ್ಲಿ, ಅಲ್ಲಿನವರು 600, 700ರ ಮೇಲೆ ಬಹಳ ನೆಚ್ಚಿದ್ದಾರೆ. ಅಗ್ಗದ ಅಮೆರಿಕನ್ ಮಾದರಿಗಳಲ್ಲಿ 2300 ಇಲ್ಲದಿರುವುದೂ ಉಂಟು. ಐಫೋನುಗಳಲ್ಲಿ ಈ ಕಷ್ಟ ಕಡಿಮೆ. ನನ್ನನ್ನು ಕೇಳಿದರೆ, ಹಳೆಯ ಐಫೋನನ್ನು ಬೀಗ ತೆಗೆಸಿ ತನ್ನಿ. ಅಗ್ಗದ ಆಂಡ್ರಾಯ್ಡನ್ನು ಅಲ್ಲಿಂದ ತರಲೇಬೇಡಿ, ಅಷ್ಟೇ ದುಡ್ಡಿಗೆ ಇಲ್ಲಿಯೇ ಒಳ್ಳೆಯದು ಸಿಗುತ್ತದೆ, ಎರಡು ಸಿಮ್ ಹಿಡಿಯುತ್ತದೆ, ಕೆಟ್ಟರೆ ಬಿಡಿಭಾಗವೂ ಸಿಗುತ್ತದೆ.

ಈಗಾಗಲೇ ಕೊಟ್ಟುಹೋದವರು ಇವತ್ತೇ ಮಾಡಬಹುದಾದದ್ದು ಇದೆ. ಅಮ್ಮನಿಗೆ ಕರೆ ಮಾಡಿ, ಆ ಫೋನಿನಲ್ಲಿ *#06# ಒತ್ತಲು ಹೇಳಿ. 15 ಅಂಕಿಯ ಐಎಂಇಐ ಬರುತ್ತದೆ. ಓದಿಸಬೇಡಿ, ಕಣ್ಣಿಗೆ ಆಯಾಸ. ಇನ್ನೊಂದು ಫೋನಿನಲ್ಲಿ ಫೋಟೋ ತೆಗೆದು ಕಳಿಸಲಿ. ನಿಮ್ಮ ಕಂಪನಿಯ ಖಾತೆಗೆ ಹೋಗಿ ಆ ನಂಬರಿನಲ್ಲಿ ಬಾಕಿ ಇದೆಯೇ ನೋಡಿ, ಇದ್ದರೆ ತೀರಿಸಿ ಅನ್‌ಲಾಕ್‌ಗೆ ಅರ್ಜಿ ಹಾಕಿ. ಒಪ್ಪಿಗೆ ಬಂದ ಮೇಲೆ ಇಲ್ಲಿ ಫೋನ್ ವೈ-ಫೈಗೆ ಸೇರಿರಬೇಕು, ಐಫೋನಿಗೆ ಬೀಗ ತೆಗೆದ ಸುದ್ದಿ ಆಪಲ್‌ನ ಸರ್ವರ್‌ನಿಂದ ಬರುವುದು ಆ ದಾರಿಯಲ್ಲೇ. ಆಂಡ್ರಾಯ್ಡ್ ಆದರೆ ಕಂಪನಿ ಕೋಡ್ ಕಳಿಸುತ್ತದೆ, ಇಲ್ಲವೇ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಅನ್‌ಲಾಕ್ ಗುಂಡಿ ಇರುತ್ತದೆ. ಕೋಡನ್ನು ಆತುರದಲ್ಲಿ ಹೇಳಬೇಡಿ, ಬರೆದು ಕಳಿಸಿ. ಆಮೇಲೆ ಅವರ ಸಿಮ್ ಹಾಕಿಸಿ, ವೈ-ಫೈ ಆಫ್ ಮಾಡಿ, ಅಂಗಳಕ್ಕೆ ಬಂದು ನಿಮಗೆ ಒಂದು ವಿಡಿಯೋ ಕರೆ ಮಾಡಲು ಹೇಳಿ.

ಕಂಪನಿ ಒಪ್ಪದಿದ್ದರೆ ಅದನ್ನೂ ಅವರಿಗೆ ಬಿಡಿಸಿ ಹೇಳಿ. "ಅಮ್ಮ, ಬೀಗ ನಮ್ಮ ಕಡೆಯದು, ನಿನ್ನ ಕೈ ತಪ್ಪಲ್ಲ" ಅಂತ ನಿಮ್ಮ ಬಾಯಲ್ಲೇ ಹೇಳಿ. ನಾನು ಎಷ್ಟು ಸಲ ಹೇಳಿದರೂ ಅವರು ಪೂರ್ತಿ ನಂಬುವುದಿಲ್ಲ. ಆ ಫೋನ್ ಮನೆಯ ವೈ-ಫೈನಲ್ಲಿ ಇರಲಿ, ಸಿಮ್‌ಗೆ ಇಲ್ಲಿನ ಒಂದು ಸಾಧಾರಣ ಫೋನ್ ಕೊಡಿಸಿ. ದುಡ್ಡು ಕಳಿಸಿದರೆ ಅವರು ಕೊಳ್ಳುವುದಿಲ್ಲ, ಬ್ಯಾಂಕಿನಲ್ಲಿಡುತ್ತಾರೆ. ಫೋನನ್ನೇ ಮನೆಗೆ ತರಿಸಿಕೊಡಿ.

ಇಂತಿ ನಿಮ್ಮ,
ಸಾಗರದ ಮೊಬೈಲ್ ರಿಪೇರಿಯವನು